ವಯೊಲಿನ್ ಒಂದೇ ಅಲ್ಲ: ಮಕ್ಕಳಿಗೆ ತಂತಿವಾದ್ಯ ಆರಿಸುವ ಮುನ್ನ

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಚರ್ಚಿನ ಕಚೇರಿಗೆ ಬರುವ ಹೆತ್ತವರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಫಾದರ್, ಮಗಳನ್ನು ವಯೊಲಿನ್ ಕ್ಲಾಸಿಗೆ ಸೇರಿಸಬೇಕೆಂದಿದ್ದೇವೆ, ಎಲ್ಲಿ ಚೆನ್ನಾಗಿ ಕಲಿಸುತ್ತಾರೆ?" ಯಾವ ವಾದ್ಯ ಕಲಿಸಿದರೆ ಒಳ್ಳೆಯದು ಎಂದು ಕೇಳುವವರು ಅಪರೂಪ. ಕಮಾನಿನಿಂದ ನುಡಿಸುವ ವಾದ್ಯವೆಂದರೆ ವಯೊಲಿನ್ ಎಂದು ನಮ್ಮಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ.

ಆರ್ಕೆಸ್ಟ್ರಾದಲ್ಲಿ ಇಂಥ ವಾದ್ಯಗಳು ನಾಲ್ಕು. ವಯೊಲಿನ್, ವಯೋಲಾ, ಚೆಲ್ಲೋ ಮತ್ತು ಡಬಲ್ ಬಾಸ್. (ಆರ್ಕೆಸ್ಟ್ರಾ ಎಂದೊಡನೆ ನಮ್ಮೂರಿನಲ್ಲಿ ಮದುವೆ ಮನೆಯ ಸಿನಿಮಾ ಹಾಡಿನ ತಂಡ ಕಣ್ಣಮುಂದೆ ಬರುತ್ತದೆ. ಇಲ್ಲಿ ಹೇಳುತ್ತಿರುವುದು ಪಾಶ್ಚಾತ್ಯ ಶಾಸ್ತ್ರೀಯ ವಾದ್ಯವೃಂದದ ಬಗ್ಗೆ.) ದೊಡ್ಡ ವಾದ್ಯವೃಂದವೊಂದರಲ್ಲಿ ಸುಮಾರು 30 ವಯೊಲಿನ್‌ಗಳಿದ್ದರೆ 12 ವಯೋಲಾ, 10 ಚೆಲ್ಲೋ, 8 ಡಬಲ್ ಬಾಸ್ ಇರುತ್ತವೆ. ಅಂದರೆ ಅಲ್ಲಿ ಕೂಡ ಕಮಾನು ಹಿಡಿದವರಲ್ಲಿ ಅರ್ಧದಷ್ಟು ಜನ ವಯೊಲಿನ್‌ನವರಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಮಾತ್ರ ಹತ್ತಕ್ಕೆ ಹತ್ತೂ ವಯೊಲಿನ್. ಇದರ ಪರಿಣಾಮ ಎರಡು ಕಡೆ ಕಾಣುತ್ತದೆ. ಕಿವಿಗೆ ಅಷ್ಟು ಹತ್ತಿರ ಕೀರಲು ಸ್ವರ ಇಷ್ಟವಾಗದ ಮಗು ಎರಡನೇ ಮಳೆಗಾಲದ ಹೊತ್ತಿಗೆ ಕಲಿಕೆ ಬಿಡುತ್ತದೆ, ಪೆಟ್ಟಿಗೆ ಕಪಾಟಿನ ಮೇಲೆ ಸೇರುತ್ತದೆ. ಬಿಡದೆ ಕಲಿತ ಐದಾರು ಮಕ್ಕಳು ಗಾಯನ ಮಂಡಳಿಗೆ ಬಂದು, ಜನರೆಲ್ಲ ಹಾಡುತ್ತಿರುವ ರಾಗವನ್ನೇ ಆರೂ ಜನ ನುಡಿಸುತ್ತಾರೆ.

ಗಾಯನ ಮಂಡಳಿಯಲ್ಲಿ ಹಾಡಿದವರಿಗೆ ಈ ನಾಲ್ಕು ವಾದ್ಯಗಳನ್ನು ಅರ್ಥಮಾಡಿಕೊಳ್ಳುವುದು ಬಹಳ ಸುಲಭ. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಧ್ವನಿಗಳನ್ನು ನಾವು ಬಲ್ಲೆವು. ವಯೊಲಿನ್‌ನ ನಾಲ್ಕು ತಂತಿಗಳು ಕೆಳಗಿನಿಂದ ಜಿ, ಡಿ, ಎ, ಇ. ಅದರ ಅತಿ ಕೆಳಗಿನ ಸ್ವರವಾದ ಜಿ ಸೆಕೆಂಡಿಗೆ 196 ಕಂಪನದ್ದು. ಆಲ್ಟೊ ಹಾಡುವ ಹೆಂಗಸರ ಧ್ವನಿ ಕೆಳಗೆ ಇಳಿಯುವುದೂ ಹೆಚ್ಚುಕಡಿಮೆ ಅಲ್ಲಿಯವರೆಗೆ. ವಯೋಲಾದ ತಂತಿಗಳು ಸಿ, ಜಿ, ಡಿ, ಎ. ಅದರ ಕೆಳಗಿನ ಸಿ ಸುಮಾರು 131 ಕಂಪನ, ಟೆನರ್ ಧ್ವನಿಯ ತಳವೂ ಅದೇ. ಚೆಲ್ಲೋದ ತಂತಿಗಳ ಹೆಸರು ವಯೋಲಾದವೇ, ಆದರೆ ಒಂದು ಸ್ಥಾಯಿ ಕೆಳಗೆ. 65 ಕಂಪನದಿಂದ ಆರಂಭವಾಗುವ ಅದು ಬಾಸ್ ಹಾಡುವ ಗಂಡಸಿಗಿಂತಲೂ ಕೆಳಗೆ ಇಳಿಯಬಲ್ಲದು. ಹೀಗಾಗಿ ನಾಲ್ಕು ಧ್ವನಿಗಳಿಗೆ ಬರೆದ ಯಾವುದೇ ಭಕ್ತಿಗೀತೆಯ ಪುಸ್ತಕವನ್ನು ಎರಡು ವಯೊಲಿನ್, ಒಂದು ವಯೋಲಾ, ಒಂದು ಚೆಲ್ಲೋ ಮುಂದಿಟ್ಟುಕೊಂಡು ಹೆಚ್ಚಿನ ಬದಲಾವಣೆ ಇಲ್ಲದೆ ನುಡಿಸಬಹುದು. ಆರು ವಯೊಲಿನ್‌ಗಳಿಂದ ಆಗದ್ದು ಈ ನಾಲ್ವರಿಂದ ಆಗುತ್ತದೆ.

ಆದ್ದರಿಂದ ಮೊದಲು ಆರಿಸಬೇಕಾದದ್ದು ಧ್ವನಿಯನ್ನು, ವಾದ್ಯ ಆ ಮೇಲೆ. ಮಗು ತಾನಾಗಿ ಗುನುಗುವಾಗ ಮೇಲಿನ ಸ್ವರಕ್ಕೆ ಹೋಗುತ್ತದೆಯೋ, ತಗ್ಗಿನ ಸ್ವರದಲ್ಲಿ ನೆಮ್ಮದಿಯಾಗಿರುತ್ತದೆಯೋ ಎಂಬುದನ್ನು ಗಮನಿಸಿ. ನಾಲ್ಕೂ ವಾದ್ಯಗಳ ಧ್ವನಿಮುದ್ರಣಗಳನ್ನು ಹೆಸರು ಹೇಳದೆ ಒಂದು ವಾರ ಕೇಳಿಸಿ, ಯಾವುದನ್ನು ಮತ್ತೆ ಹಾಕು ಎನ್ನುತ್ತದೆ ನೋಡಿ. ಇದಕ್ಕೆ ಖರ್ಚಿಲ್ಲ.

ನಮ್ಮ ಕರಾವಳಿಯವರ ವಯೊಲಿನ್ ಪ್ರೀತಿಗೆ ಕಾರಣವಿಲ್ಲದೆ ಇಲ್ಲ. ಪೋರ್ಚುಗೀಸರ ಕಾಲದಲ್ಲಿ ಗೋವೆಯ ಚರ್ಚುಗಳಿಗೆ ಸೇರಿದ ಶಾಲೆಗಳಲ್ಲಿ ಸ್ವರಲಿಪಿ ಓದುವುದನ್ನೂ ವಯೊಲಿನ್ ನುಡಿಸುವುದನ್ನೂ ಕಲಿಸುವ ಪರಿಪಾಠವಿತ್ತು. ಗೋವೆಯ ಮಾಂಡೊ ಹಾಡಿಗೆ ಘುಮಟೆಯ ಜೊತೆ ವಯೊಲಿನ್ ಇಲ್ಲದೆ ಕಳೆ ಕಟ್ಟುವುದಿಲ್ಲ. ಆ ಶಾಲೆಗಳಲ್ಲಿ ಪಳಗಿದವರೇ ಮುಂದೆ ಮುಂಬಯಿ ಚಿತ್ರಸಂಗೀತದ ವಾದ್ಯವೃಂದಗಳಿಗೆ ಆಧಾರವಾದರು. ಮಜೋರ್ಡಾದ ಆಂಟನಿ ಗೊನ್ಸಾಲ್ವಿಸ್ ಅವರಲ್ಲಿ ಒಬ್ಬರು. ಅವರ ಬಳಿ ವಯೊಲಿನ್ ಕಲಿತ ಪ್ಯಾರೇಲಾಲ್, 'ಅಮರ್ ಅಕ್ಬರ್ ಆಂಟನಿ' (1977) ಚಿತ್ರದ ಜನಪ್ರಿಯ ಹಾಡಿನಲ್ಲಿ ಗುರುವಿನ ಹೆಸರನ್ನು ಉಳಿಸಿದರು.

ಇನ್ನೊಂದು ದಾರಿಯಿಂದಲೂ ವಯೊಲಿನ್ ನಮ್ಮ ನೆರೆಮನೆಗೆ ಬಂದಿದೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿನವರಿಂದ ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ಪಿಟೀಲು ಇಲ್ಲದ ಕಛೇರಿ ಇಲ್ಲವೆನ್ನುವಷ್ಟು ಅದು ನಮ್ಮದಾಯಿತು. ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲನ್ನೇ ರೂಪಿಸಿಕೊಂಡರು. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿರುವ ಸಭಾಂಗಣದ ಕಟ್ಟಡವೂ ಪಿಟೀಲಿನ ಆಕಾರದ್ದು. ಇಲ್ಲಿ ಹೆತ್ತವರು ಎಚ್ಚರ ವಹಿಸಬೇಕಾದ ಒಂದು ಮಾತಿದೆ. ಮನೆ ಹತ್ತಿರ ಸಿಗುವ ವಯೊಲಿನ್ ಶಿಕ್ಷಕರು ಹೆಚ್ಚಾಗಿ ಕರ್ನಾಟಕ ಸಂಗೀತದವರು. ಪೆಟ್ಟಿಗೆಯಲ್ಲಿರುವ ವಾದ್ಯ ಒಂದೇ ಆದರೂ ಕಲಿಕೆ ಬೇರೆ. ಅಲ್ಲಿ ನೆಲದ ಮೇಲೆ ಕುಳಿತು, ವಾದ್ಯದ ತುದಿಯನ್ನು ಬಲಪಾದದ ಮೇಲೆ ಊರಿ, ತಂತಿಗಳನ್ನು ಷಡ್ಜ ಪಂಚಮಗಳಿಗೆ ಶ್ರುತಿ ಮಾಡಿ, ಬೆರಳು ಜಾರಿಸುತ್ತ ಗಮಕ ತೆಗೆಯುತ್ತಾರೆ. ಪಾಶ್ಚಾತ್ಯ ಪದ್ಧತಿಯಲ್ಲಿ ಗದ್ದ ಮತ್ತು ಭುಜದ ನಡುವೆ ಹಿಡಿದು, ಸ್ವರಲಿಪಿ ನೋಡಿ, ಇತರರೊಂದಿಗೆ ಕೂಡಿ ನುಡಿಸುತ್ತಾರೆ. ಎರಡೂ ದೊಡ್ಡ ವಿದ್ಯೆಗಳೇ. ಆದರೆ ಗಾಯನ ಮಂಡಳಿಯಲ್ಲಿ ನಾಲ್ಕು ಧ್ವನಿಯ ಗೀತೆ ನುಡಿಸಲಿ ಎಂಬ ಆಸೆಯಿಂದ ಮೂರು ವರ್ಷ ಕರ್ನಾಟಕ ಪದ್ಧತಿಯ ಪಾಠಕ್ಕೆ ಕಳುಹಿಸಿ, ಆ ಮೇಲೆ ಸ್ವರಲಿಪಿ ಓದಲು ಬರುವುದಿಲ್ಲ ಎಂದು ಮಗುವನ್ನು ಗದರಿಸುವುದು ಸರಿಯಲ್ಲ. ಸೇರಿಸುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಈಗ ಒಂದೊಂದೇ ವಾದ್ಯವನ್ನು ನೋಡೋಣ.

ವಯೊಲಿನ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಾಲ್ಕೈದು ವರ್ಷದ ಮಗುವೂ ಆರಂಭಿಸಬಹುದು. ಹದಿನಾರನೇ ಒಂದರಿಂದ ಹಿಡಿದು ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂಬ ಅಳತೆಗಳಲ್ಲಿ ಸಿಗುತ್ತದೆ. ಸಿಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಬಹುದು. ನುಡಿಸಲೆಂದೇ ಬರೆದ ಸಂಗೀತ ಬೇರೆ ಯಾವ ತಂತಿವಾದ್ಯಕ್ಕಿಂತ ಹೆಚ್ಚು. ಕಷ್ಟವೇನೆಂದರೆ ಗಿಟಾರಿನಂತೆ ಇದರಲ್ಲಿ ಮೆಟ್ಟಿಲುಗಳಿಲ್ಲ, ಬೆರಳು ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ. ವಾದ್ಯ ಚಿಕ್ಕದಿರುವುದರಿಂದ ಬೆರಳುಗಳ ನಡುವಿನ ಅಂತರವೂ ಚಿಕ್ಕದು, ತಪ್ಪಿಗೆ ಜಾಗ ಕಡಿಮೆ. ಮೊದಲ ವರ್ಷದ ಕೀರಲು ಶಬ್ದವನ್ನು ಮನೆಯವರೆಲ್ಲ ಸಹಿಸಬೇಕು. ಮೇಲಿನ ಧ್ವನಿ, ರಾಗದ ಮುಂಚೂಣಿ, ಎಲ್ಲರ ಕಣ್ಣಿಗೆ ಬೀಳುವ ಸ್ಥಾನ ಬೇಕೆನ್ನುವ ಮಗುವಿಗೆ ಇದು ಸರಿ.

ವಯೋಲಾ ನೋಡಲು ವಯೊಲಿನ್‌ನ ಅಣ್ಣನಂತಿದೆ, ಹಿಡಿಯುವ ರೀತಿಯೂ ಅದೇ. ಆದರೆ ಅದರ ಸ್ವಭಾವದ ಗುಟ್ಟು ಅಳತೆಯಲ್ಲಿದೆ. ವಯೊಲಿನ್‌ನ ಒಡಲು ಸುಮಾರು 35.5 ಸೆಂಟಿಮೀಟರ್ ಉದ್ದ. ವಯೋಲಾ ಅದಕ್ಕಿಂತ ಐದು ಸ್ವರ ಕೆಳಗೆ ಇರುವುದರಿಂದ ಲೆಕ್ಕದ ಪ್ರಕಾರ ಅದರ ಒಡಲು ಒಂದೂವರೆ ಪಟ್ಟು, ಅಂದರೆ 53 ಸೆಂಟಿಮೀಟರ್ ಇರಬೇಕಿತ್ತು. ಅಷ್ಟು ದೊಡ್ಡದನ್ನು ಭುಜದ ಮೇಲೆ ಹಿಡಿಯಲು ಸಾಧ್ಯವಿಲ್ಲ. ಹಾಗಾಗಿ 38ರಿಂದ 43 ಸೆಂಟಿಮೀಟರಿಗೆ ರಾಜಿಯಾಗಿದ್ದಾರೆ. ಧ್ವನಿಗೆ ತಕ್ಕಷ್ಟು ದೊಡ್ಡದಲ್ಲದ ಒಡಲಿನಿಂದ ಹೊರಡುವ ಸ್ವರಕ್ಕೆ ತುಸು ಮುಸುಕು ಹಾಕಿದಂಥ, ಮನುಷ್ಯನ ಎದೆಯಿಂದ ಬಂದಂಥ ಗುಣವಿದೆ. ಒಮ್ಮೆ ಅದು ಹಿಡಿಸಿದವರಿಗೆ ವಯೊಲಿನ್ ತೆಳುವೆನಿಸುತ್ತದೆ.

ವಯೋಲಾದವರನ್ನು ಕುರಿತ ನಗೆಹನಿಗಳು ಸಂಗೀತಗಾರರ ನಡುವೆ ಬಹಳ. ವಯೊಲಿನ್ ಸರಿಯಾಗಿ ಬಾರದವರು ಅದನ್ನು ಹಿಡಿಯುತ್ತಾರೆ ಎಂಬುದು ಹಳೆಯ ಅಪವಾದ. ಆದರೆ ಯೊಹಾನ್ ಸೆಬಾಸ್ಟಿಯನ್ ಬಾಖ್ ತಂಡದೊಡನೆ ಕುಳಿತಾಗ ಇಷ್ಟಪಟ್ಟು ಹಿಡಿಯುತ್ತಿದ್ದದ್ದು ವಯೋಲಾ ಎಂದು ಅವರ ಮಗನೇ ಹೇಳಿದ್ದಾನೆ. ಮೊಜಾರ್ಟ್ ಕೂಡ ಸ್ನೇಹಿತರ ಜೊತೆ ನಾಲ್ವರ ತಂಡದಲ್ಲಿ ಅದನ್ನೇ ನುಡಿಸಿದರು. ಡ್ವೊರಾಕ್ 1862ರಿಂದ ಸುಮಾರು ಒಂಬತ್ತು ವರ್ಷ ಪ್ರಾಗ್ ನಗರದ ನಾಟಕಶಾಲೆಯ ವಾದ್ಯವೃಂದದಲ್ಲಿ ವಯೋಲಾದವರಾಗಿ ಜೀವನ ಸಾಗಿಸಿದರು. ನಡುವೆ ಕುಳಿತವನಿಗೆ ಮೇಲಿನ ರಾಗವೂ ಕೆಳಗಿನ ಆಧಾರವೂ ಕೇಳುತ್ತದೆ. ಸಂಗೀತ ಹೇಗೆ ಕಟ್ಟಲ್ಪಟ್ಟಿದೆ ಎಂಬುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಗಾಯನ ಮಂಡಳಿಯ ಆಲ್ಟೊ ಸಾಲಿನಲ್ಲಿ ವರ್ಷಗಟ್ಟಲೆ ನಿಂತವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಪುಟ್ಟ ಮಕ್ಕಳು ವಯೋಲಾದಿಂದಲೇ ಆರಂಭಿಸುವುದು ಕಡಿಮೆ. ಸಾಮಾನ್ಯವಾಗಿ ಕೆಲವು ವರ್ಷ ವಯೊಲಿನ್ ಕಲಿತು, ಕೈ ಬೆಳೆದ ಮೇಲೆ ಹನ್ನೊಂದು ಹನ್ನೆರಡರ ಪ್ರಾಯದಲ್ಲಿ ಬದಲಾಯಿಸುತ್ತಾರೆ. ಹೊಸತಾಗಿ ಕಲಿಯಬೇಕಾದದ್ದು ಮುಖ್ಯವಾಗಿ ಆಲ್ಟೊ ಕ್ಲೆಫ್ ಎಂಬ ಬೇರೆ ಬಗೆಯ ಸ್ವರಲಿಪಿ ಓದು. ಕೆಲವು ತಿಂಗಳ ಅಭ್ಯಾಸ ಸಾಕು. ಒಂದು ಧರ್ಮಕೇಂದ್ರದಲ್ಲಿ ಆರು ವಯೊಲಿನ್ ಮಕ್ಕಳಿದ್ದರೆ, ಅವರಲ್ಲಿ ಕೈ ಉದ್ದವಿರುವ, ತಗ್ಗಿನ ಸ್ವರ ಇಷ್ಟಪಡುವ ಒಬ್ಬರನ್ನು ಒಪ್ಪಿಸಿ ವಯೋಲಾ ಕೊಡುವುದು ನಾಲ್ಕು ಧ್ವನಿ ತುಂಬಿಸುವ ಅತಿ ಹತ್ತಿರದ ದಾರಿ. ಒಪ್ಪಿಸಿ ಎಂದದ್ದನ್ನು ಗಮನಿಸಿ. ಹಿಂದುಳಿದ ಮಗುವಿಗೆ ಶಿಕ್ಷೆಯಂತೆ ಕೊಟ್ಟರೆ ಆ ಹಳೆಯ ಅಪವಾದವನ್ನು ನಾವೇ ನಿಜ ಮಾಡಿದಂತೆ.

ಚೆಲ್ಲೋ ವಿಷಯಕ್ಕೆ ಬಂದರೆ ಪಾಬ್ಲೊ ಕಸಾಲ್ಸ್ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಸ್ಪೇನಿನ ಕತಲೋನಿಯಾದ ಎಲ್ ವೆಂದ್ರೆಲ್ ಎಂಬ ಊರಿನಲ್ಲಿ 1876ರಲ್ಲಿ ಹುಟ್ಟಿದ ಅವರ ತಂದೆ ಅಲ್ಲಿಯ ಚರ್ಚಿನ ಆರ್ಗನ್ ವಾದಕರು. ಹುಡುಗ ಚರ್ಚಿನಲ್ಲಿ ಹಾಡುತ್ತಿದ್ದ, ಪಿಯಾನೊ, ಆರ್ಗನ್, ವಯೊಲಿನ್ ಎಲ್ಲವನ್ನೂ ಕಲಿತಿದ್ದ. ತಂದೆ ಸೋರೆಬುರುಡೆಯಿಂದ ಮಾಡಿಕೊಟ್ಟ ತಂತಿವಾದ್ಯವೂ ಅವನ ಬಳಿ ಇತ್ತು. ನಿಜವಾದ ಚೆಲ್ಲೋವನ್ನು ಆತ ಮೊದಲು ಕೇಳಿದ್ದು 1888ರಲ್ಲಿ, ಹನ್ನೊಂದರ ಪ್ರಾಯದಲ್ಲಿ. ತನ್ನ ವಾದ್ಯ ಇದೇ ಎಂದು ಅಲ್ಲೇ ನಿಶ್ಚಯಿಸಿದ. ಎರಡು ವರ್ಷಗಳ ಬಳಿಕ ಬಾರ್ಸಿಲೋನಾದ ಅಂಗಡಿಯೊಂದರಲ್ಲಿ ಬಾಖ್ ಅವರ ಆರು ಚೆಲ್ಲೋ ಸ್ವೀಟ್‌ಗಳ ಪುಸ್ತಕ ಸಿಕ್ಕಿತು. ಅಭ್ಯಾಸದ ಪಾಠಗಳಂತೆ ಕಾಣಲಾಗುತ್ತಿದ್ದ ಆ ರಚನೆಗಳು ಇಂದು ಜಗತ್ತಿನಾದ್ಯಂತ ಕಛೇರಿಗಳಲ್ಲಿ ಕೇಳಿಬರುವುದಕ್ಕೆ ಕಸಾಲ್ಸ್ ಅವರ ಶ್ರಮವೇ ದೊಡ್ಡ ಕಾರಣ. ಹನ್ನೊಂದು ವರ್ಷ ತಡವಲ್ಲ ಎಂಬುದೂ ವಯೊಲಿನ್ ಕಲಿತ ದಿನಗಳು ವ್ಯರ್ಥವಲ್ಲ ಎಂಬುದೂ ಇಲ್ಲಿ ತಿಳಿಯುತ್ತದೆ.

ಚೆಲ್ಲೋದ ದೊಡ್ಡ ಅನುಕೂಲ ಕುಳಿತುಕೊಳ್ಳುವ ಭಂಗಿ. ಕುರ್ಚಿಯಲ್ಲಿ ಕುಳಿತು, ಮೊಣಕಾಲುಗಳ ನಡುವೆ ವಾದ್ಯವನ್ನು ಲೋಹದ ಮೊಳೆಯ ಮೇಲೆ ನಿಲ್ಲಿಸಿ, ಎದೆಗೆ ಒರಗಿಸಿ ನುಡಿಸಬೇಕು. ಕುತ್ತಿಗೆ ತಿರುಚಬೇಕಾಗಿಲ್ಲ, ಎಡಗೈ ಸಹಜವಾಗಿ ಇಳಿಬಿಟ್ಟಂತೆ ಇರುತ್ತದೆ. ಆದ್ದರಿಂದ ಮೂವತ್ತು ನಲ್ವತ್ತು ದಾಟಿದ ಮೇಲೆ ಕಲಿಯಲು ಹೊರಡುವವರಿಗೂ ಇದನ್ನು ಧೈರ್ಯವಾಗಿ ಹೇಳಬಹುದು. ಬೆರಳುಗಳನ್ನು ಅಗಲಿಸಬೇಕಾಗುತ್ತದೆ, ತಂತಿ ದಪ್ಪ, ಒತ್ತಲು ಬಲ ಬೇಕು. ಮಕ್ಕಳಿಗೆ ಚಿಕ್ಕ ಅಳತೆಯವೂ ಇವೆ. ಪೂರ್ತಿ ಅಳತೆಯದಕ್ಕೆ ಸುಮಾರು ಐದು ಅಡಿ ಎತ್ತರ ಬೇಕು. "ಹೆಣ್ಣುಮಕ್ಕಳು ಹಾಗೆ ಕುಳಿತು ನುಡಿಸುವುದು ಚಂದವೇ?" ಎನ್ನುವ ಅಜ್ಜಿಯರು ಈಗಲೂ ಇದ್ದಾರೆ. ಅವರಿಗೆ ವೆನಿಸ್ ನಗರದ ಮಾತು ಹೇಳಬಹುದು. 1703ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಅಲ್ಲಿಯ ಪಿಯೆಟಾ ಅನಾಥಾಲಯದಲ್ಲಿ ವಯೊಲಿನ್ ಶಿಕ್ಷಕರಾದ ವಂದನೀಯ ಆಂಟೋನಿಯೊ ವಿವಾಲ್ಡಿಯವರ ಕಾಲದಲ್ಲಿ, ಆ ಮನೆಯ ಹೆಣ್ಣುಮಕ್ಕಳು ವಯೊಲಿನ್‌ನಿಂದ ಚೆಲ್ಲೋವರೆಗೆ ಎಲ್ಲವನ್ನೂ ನುಡಿಸುತ್ತಿದ್ದರು. ಅವರನ್ನು ಕೇಳಲು ಯುರೋಪಿನ ಪ್ರವಾಸಿಗರು ಹುಡುಕಿಕೊಂಡು ಬರುತ್ತಿದ್ದರು.

ಡಬಲ್ ಬಾಸ್ ಆಳೆತ್ತರದ್ದು, ಸುಮಾರು 180 ಸೆಂಟಿಮೀಟರ್. ನಿಂತು ಅಥವಾ ಎತ್ತರದ ಸ್ಟೂಲಿನ ಮೇಲೆ ಕುಳಿತು ನುಡಿಸುತ್ತಾರೆ. ಮಕ್ಕಳಿಗಿಂತ ಪ್ರಾಯ ತುಂಬಿದ ಯುವಕ ಯುವತಿಯರಿಗೆ ಸೂಕ್ತ. ನಮ್ಮಲ್ಲಿ ಯಾರೂ ಗಮನಿಸದ ಒಂದು ಸಂಗತಿ ಇದೆ. ಇದರ ತಂತಿಗಳು ಇ, ಎ, ಡಿ, ಜಿ. ಬಾಸ್ ಗಿಟಾರಿನವೂ ಅವೇ, ಅದೇ ಸ್ಥಾಯಿಯಲ್ಲಿ. ಯುವಜನ ಸಂಘಟನೆಯ ಕಾರ್ಯಕ್ರಮಗಳಲ್ಲಿ ಬಾಸ್ ಗಿಟಾರ್ ನುಡಿಸುವ ಹುಡುಗರು ಹೆಚ್ಚುಕಡಿಮೆ ಎಲ್ಲ ಕಡೆ ಇದ್ದಾರೆ. ಸ್ವರ ಎಲ್ಲಿದೆ ಎಂಬುದು ಅವರಿಗೆ ಆಗಲೇ ಗೊತ್ತು, ಕಮಾನು ಹಿಡಿಯುವುದನ್ನು ಮಾತ್ರ ಕಲಿಯಬೇಕು. ಇನ್ನೊಂದು ಅನುಕೂಲ: ಡಬಲ್ ಬಾಸ್ ಬರೆದ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಭಕ್ತಿಗೀತೆಯ ಬಾಸ್ ಸಾಲನ್ನು ಇದ್ದಹಾಗೆ ಓದಿ ನುಡಿಸಿದರೂ ಆರ್ಗನ್ನಿನ ಪೆಡಲ್ ಒತ್ತಿದಂತೆ ಇಡೀ ಹಾಡಿಗೆ ನೆಲೆ ಸಿಗುತ್ತದೆ. ಮುಂಬಯಿಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ 1954ರಲ್ಲಿ ವಿಯೆನ್ನಾಕ್ಕೆ ಹೋದಾಗ ವಾದ್ಯವೃಂದ ನಿರ್ದೇಶನದ ಜೊತೆಗೆ ಕಲಿತ ವಾದ್ಯ ಇದೇ.

ಆಯ್ಕೆ ಇಷ್ಟಕ್ಕೇ ಮುಗಿಯುವುದಿಲ್ಲ, ಏಕೆಂದರೆ ಶಿಕ್ಷಕರು ಬೇಕು. ವಯೊಲಿನ್ ಶಿಕ್ಷಕರು ಸಿಗುವಷ್ಟು ಸುಲಭವಾಗಿ ನಮ್ಮ ಕಡೆ ಚೆಲ್ಲೋ ಶಿಕ್ಷಕರು ಸಿಗುವುದಿಲ್ಲ. ಬೆಂಗಳೂರು, ಗೋವಾ, ಮುಂಬಯಿ, ಚೆನ್ನೈಗಳಲ್ಲಿ ಕಲಿಸುವವರಿದ್ದಾರೆ. 2020ರ ಕೊರೊನಾ ದಿನಗಳ ನಂತರ ಆನ್‌ಲೈನ್ ಪಾಠ ಸಾಮಾನ್ಯವಾಗಿದೆ. ಆದರೆ ಕಮಾನು ಹಿಡಿಯುವ ಕೈ, ಭುಜದ ಬಿಗಿತ ಇವನ್ನು ತಿದ್ದಲು ಮೊದಲ ಕೆಲವು ತಿಂಗಳು ಶಿಕ್ಷಕರು ಎದುರಿಗೇ ಇರಬೇಕು. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗಿ ತಳಪಾಯ ಹಾಕಿಸಿಕೊಂಡು, ಉಳಿದ ತಿಂಗಳುಗಳಲ್ಲಿ ಆನ್‌ಲೈನ್‌ನಲ್ಲಿ ಮುಂದುವರಿಸುವುದು ನಡೆಯುವಂಥ ವ್ಯವಸ್ಥೆ. ಒಳ್ಳೆಯ ವಯೊಲಿನ್ ಶಿಕ್ಷಕರು ಪಕ್ಕದ ಬೀದಿಯಲ್ಲಿದ್ದು, ಚೆಲ್ಲೋಗೆ ಯಾರೂ ಇಲ್ಲವೆಂದಾದರೆ ವಯೊಲಿನ್ ಹಿಡಿಯುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಶಿಕ್ಷಕರಿಲ್ಲದ ಪ್ರಿಯ ವಾದ್ಯ ಮಗುವಿನ ಉತ್ಸಾಹವನ್ನು ಬೇಗ ಆರಿಸುತ್ತದೆ.

ಕೊಳ್ಳುವಾಗ ನಮ್ಮ ಹವೆಯನ್ನು ಮರೆಯಬಾರದು. ಈ ವಾದ್ಯಗಳ ಹಲಗೆಗಳನ್ನು ಸಾಂಪ್ರದಾಯಿಕವಾಗಿ ಅಂಟಿಸುವುದು ಪ್ರಾಣಿಗಳ ಚರ್ಮದಿಂದ ತಯಾರಿಸಿದ ಅಂಟಿನಿಂದ. ರಿಪೇರಿಗೆ ಬಿಚ್ಚಲು ಬರಲೆಂದೇ ಹಾಗೆ ಮಾಡುತ್ತಾರೆ. ಆಷಾಢದ ತೇವಕ್ಕೆ ಅಂಟು ಸಡಿಲಗೊಂಡು ಅಂಚು ಬಿರಿಯುತ್ತದೆ, ಬಿರಡೆಗಳು ಉಬ್ಬಿ ತಿರುಗುವುದೇ ಇಲ್ಲ. ಉಪ್ಪು ಗಾಳಿಗೆ ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ನುಡಿಸಿದ ಮೇಲೆ ತಂತಿ ಒರೆಸಿ, ಕಮಾನಿನ ಕೂದಲನ್ನು ಸಡಿಲಿಸಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಎಂದಿಗೂ ಬಿಡಬೇಡಿ. ಆರಂಭದ ಡಬಲ್ ಬಾಸ್‌ಗೆ ಪ್ಲೈವುಡ್ಡಿನದೇ ಇಲ್ಲಿ ಒಳ್ಳೆಯದು, ಅದು ಬಿರಿಯುವುದು ಕಡಿಮೆ. ಮೇಲಿನ ಕುದುರೆ ಜಾರಿದರೆ ಅಥವಾ ಒಳಗಿನ ಚಿಕ್ಕ ಮರದ ಕಡ್ಡಿ ಬಿದ್ದರೆ ಮನೆಯಲ್ಲೇ ನಿಲ್ಲಿಸಲು ಹೋಗಬೇಡಿ, ತಂತಿಗಳನ್ನು ಸಡಿಲಿಸಿ ತಿಳಿದವರಿಗೆ ಕೊಡಿ. ಎರಡನ್ನೂ ಅಂಟಿಸಿರುವುದಿಲ್ಲ, ತಂತಿಯ ಒತ್ತಡದಿಂದಷ್ಟೇ ನಿಂತಿರುತ್ತವೆ. ಆ ಕಡ್ಡಿಗೆ ಇಟಲಿಯವರೂ ಫ್ರಾನ್ಸಿನವರೂ ತಮ್ಮ ಭಾಷೆಗಳಲ್ಲಿ ಇಟ್ಟ ಹೆಸರಿನ ಅರ್ಥ 'ಆತ್ಮ'. ಅದು ಅರ್ಧ ಬೆರಳು ಸರಿದರೂ ವಾದ್ಯದ ಧ್ವನಿಯೇ ಬದಲಾಗುತ್ತದೆ.

ಚೆಲ್ಲೋ ಮತ್ತು ಡಬಲ್ ಬಾಸ್‌ಗಳ ಬೆಲೆ ವಯೊಲಿನ್‌ನ ಹಲವು ಪಟ್ಟು. ಮಗು ಬೆಳೆದಂತೆ ಅಳತೆಯನ್ನೂ ಬದಲಾಯಿಸಬೇಕು. ಒಂದು ಕುಟುಂಬ ಇದನ್ನು ಹೊರುವುದು ಕಷ್ಟ. ಇಲ್ಲಿ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು ಯೋಚಿಸಬಹುದು. ಚರ್ಚಿನ ಹಬ್ಬದ ಒಂದು ದಿನದ ಧ್ವನಿವರ್ಧಕ, ದೀಪಾಲಂಕಾರಕ್ಕೆ ತೆಗೆದಿಡುವ ಹಣದ ಒಂದು ಪಾಲಿನಲ್ಲಿ ಒಂದು ವಯೋಲಾ ಮತ್ತು ಮುಕ್ಕಾಲು ಅಳತೆಯ ಒಂದು ಚೆಲ್ಲೋ ಕೊಂಡು, ಕಲಿಯುವ ಮಕ್ಕಳಿಗೆ ವರ್ಷದ ಮಟ್ಟಿಗೆ ಕೊಟ್ಟು ಹಿಂದಕ್ಕೆ ಪಡೆಯುವ ಏರ್ಪಾಡು ಮಾಡಿದರೆ, ಅದೇ ವಾದ್ಯ ಮೂರು ನಾಲ್ಕು ಮಕ್ಕಳ ಕೈಗೆ ಸಾಗುತ್ತದೆ. ಆರಾಧನಾ ವಿಧಿಯನ್ನು ಕುರಿತು ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ದಾಖಲೆ ಪೈಪ್ ಆರ್ಗನ್ನಿಗೆ ಮೊದಲ ಗೌರವ ಕೊಟ್ಟು, ಆರಾಧನೆಗೆ ತಕ್ಕವಾದ ಇತರ ವಾದ್ಯಗಳಿಗೂ ಅಧಿಕಾರಿಗಳ ಒಪ್ಪಿಗೆಯ ಮೇರೆಗೆ ಅವಕಾಶ ನೀಡಿದೆ. ಅಂದಮೇಲೆ ಅಡ್ಡಿ ಇಲ್ಲ.

ಇಂಥ ನಾಲ್ವರು ಸಿಕ್ಕಿದ ಗಾಯನ ಮಂಡಳಿಯ ನಿರ್ದೇಶಕರಿಗೆ ಒಂದು ಸೂಚನೆ. ನಮ್ಮ ಪುಸ್ತಕಗಳಲ್ಲಿ ಎಷ್ಟೋ ಗೀತೆಗಳು ಕೀಬೋರ್ಡಿಗೆ ಸುಲಭವಾದ ಇ ಫ್ಲ್ಯಾಟ್, ಎ ಫ್ಲ್ಯಾಟ್ ಶ್ರುತಿಗಳಲ್ಲಿವೆ. ಹೊಸಬರ ಬೆರಳಿಗೆ ಅವು ಕಷ್ಟ. ಅರ್ಧ ಸ್ವರ ಇಳಿಸಿ ಡಿ ಅಥವಾ ಜಿ ಶ್ರುತಿಗೆ ಬರೆದುಕೊಡಿ. ಆಗ ಬೆರಳಿಡದೆ ನುಡಿಯುವ ತೆರೆದ ತಂತಿಗಳೇ ಹಾಡಿನ ಮುಖ್ಯ ಸ್ವರಗಳಾಗುತ್ತವೆ. ಮೊದಲ ಬಾರಿಗೆ ಕಾಣಿಕೆಯ ಹೊತ್ತಿನ ನಿಧಾನಗತಿಯ ಗೀತೆಯೊಂದನ್ನು, ಮೈಕ್ ಇಲ್ಲದೆ, ಹಾಡುವವರ ಪಕ್ಕದಲ್ಲೇ ಕೂರಿಸಿ ನುಡಿಸಿ ನೋಡಿ.